ಘೋಷವಾಕ್ಯ ಮತ್ತು ಅದರ ಉಳಿದರ್ಧ: ‘ಕಾಯಕವೇ ಕೈಲಾಸ’ದ ಅರ್ಥಸಂಚಾರವನ್ನು ಕುರಿತು

1

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದು ಗಾದೆಯನ್ನೇ ಕುರಿತ ಗಾದೆ. ತನ್ನ ಪ್ರಾಮಾಣ್ಯಕ್ಕೆ ತಾನೇ ಸಾಕ್ಷಿಯಾಗಿ ನಿಲ್ಲುವ ಈ ಮಾತು ತರ್ಕಶಾಸ್ತ್ರದ ಕಣ್ಣಿಗೆ ಆತ್ಮಾಶ್ರಯ ದೋಷದ ಒಳ್ಳೆಯ ಉದಾಹರಣೆಯಾಗಿ ಕಾಣುತ್ತದೆ. ಆದರೆ ಈ ಮಾತನ್ನಾಡುವ ಜನ ಅದನ್ನು ತರ್ಕವಾಗಿ ಬಳಸುವುದಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಮಗನನ್ನು ಹೊಲಕ್ಕೆ ಅಟ್ಟಿದ ತಂದೆಯೇ ಮಳೆ ಕೈಕೊಟ್ಟ ವರ್ಷ ‘ಹಣೆಬರಹಕ್ಕೆ ಹೊಣೆ ಯಾರು’ ಎಂದು ಅದೇ ಮಗನನ್ನು ಸಮಾಧಾನಪಡಿಸಬಲ್ಲ. ಒಂದು ಗಾದೆ ಇನ್ನೊಂದನ್ನು ಅಲ್ಲಗಳೆಯುತ್ತದೆ; ಆದರೂ ಎರಡೂ ಸುಳ್ಳಾಗುವುದಿಲ್ಲ. ಪ್ರತಿಯೊಂದಕ್ಕೂ ಒಂದು ಸಂದರ್ಭವಿದೆ, ಹೇಳುವವನೊಬ್ಬನಿದ್ದಾನೆ, ಕೇಳುವವನೊಬ್ಬನಿದ್ದಾನೆ. ಗಾದೆಯ ಸತ್ಯ ಈ ಮೂರರ ನಡುವೆ ಹುಟ್ಟುವ ಸತ್ಯವೇ ಹೊರತು ಗಾದೆಯ ಪದಗಳೊಳಗೆ ಮೊದಲೇ ಇಟ್ಟಿರುವ ಸತ್ಯವಲ್ಲ.

ಈ ಮೂರನ್ನೂ ಕಳಚಿ ಗಾದೆಯನ್ನು ಒಂಟಿಯಾಗಿ ನಿಲ್ಲಿಸುವ ಕೆಲಸವನ್ನು ಮುದ್ರಣಯುಗ ಆರಂಭಿಸಿತು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳು ಪದಾರ್ಥದ ನಿದರ್ಶನಗಳಾಗಿ ಸಾಲುಗೊಂಡಿವೆ. ನಿಘಂಟಿನ ದೃಷ್ಟಿಯಿಂದ ಅದು ಬೆಲೆಕಟ್ಟಲಾಗದ ಸೇವೆ. ಅಷ್ಟು ಗಾದೆಗಳು ಅಲ್ಲಿ ದಾಖಲಾಗದಿದ್ದರೆ ಎಷ್ಟೋ ಮಾತುಗಳು ಕಳೆದುಹೋಗುತ್ತಿದ್ದವು. ಆದರೆ ನಿಘಂಟಿನ ಗಾದೆಗೆ ಆಡುವವರಿಲ್ಲ, ಎದುರಾಡುವವರೂ ಇಲ್ಲ. ಅಲ್ಲಿಂದ ಶಾಲೆಯ ಗೋಡೆಗೆ, ಕಚೇರಿಯ ಫಲಕಕ್ಕೆ, ಲಾರಿಯ ಹಿಂಬದಿಗೆ ಬರುವ ಹೊತ್ತಿಗೆ ಮಾತಿನ ಜಾತಿಯೇ ಬದಲಾಗಿರುತ್ತದೆ. ಗಾದೆಗೆ ಇನ್ನೊಂದು ಗಾದೆಯಿಂದ ಉತ್ತರ ಕೊಡಬಹುದು. ಗೋಡೆಯ ಮೇಲಿನ ಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ. ಈ ಎರಡನೆಯ ಬಗೆಯ ಮಾತನ್ನು ಇಲ್ಲಿ ಘೋಷವಾಕ್ಯವೆಂದು ಕರೆಯಲಾಗಿದೆ.

ಘೋಷವಾಕ್ಯಗಳನ್ನು ಕುರಿತ ಟೀಕೆ ಸಾಮಾನ್ಯವಾಗಿ ಎರಡು ದಿಕ್ಕುಗಳಲ್ಲಿ ಸಾಗುತ್ತದೆ. ಅವು ಪೊಳ್ಳು, ಆಡಿದವರು ಅದರಂತೆ ನಡೆಯಲಿಲ್ಲ ಎಂಬುದು ಒಂದು. ಅವು ಜಟಿಲವಾದುದನ್ನು ಸರಳಗೊಳಿಸುತ್ತವೆ ಎಂಬುದು ಇನ್ನೊಂದು. ಎರಡೂ ನಿಜವಿರಬಹುದು, ಆದರೆ ಎರಡೂ ಬಹಳ ದೂರ ಕೊಂಡೊಯ್ಯುವುದಿಲ್ಲ. ನಡೆ–ನುಡಿಯ ಅಂತರ ಆಡಿದವರ ದೋಷವೇ ಹೊರತು ಮಾತಿನ ದೋಷವಲ್ಲ. ಸರಳತೆಯಂತೂ ದೋಷವೇ ಅಲ್ಲ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆಯದು: ಘೋಷವಾಕ್ಯ ಯಾವ ವಾಕ್ಯದಿಂದ ಕತ್ತರಿಸಿ ತಂದ ತುಣುಕು, ಮತ್ತು ಕತ್ತರಿಸಿದಾಗ ಹಿಂದೆ ಉಳಿದುಹೋದ ಅರ್ಧ ಯಾವುದು? ಕರ್ನಾಟಕದಲ್ಲಿ ಅತ್ಯಂತ ಪ್ರಸಿದ್ಧವಾಗಿರುವ ‘ಕಾಯಕವೇ ಕೈಲಾಸ’ ಎಂಬ ಮಾತನ್ನು ಮುಖ್ಯವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

2

ಮೊದಲು ಈ ಮಾತುಗಳ ವ್ಯಾಕರಣ. ಕನ್ನಡದ ಬಹುಪಾಲು ಯಶಸ್ವಿ ಘೋಷವಾಕ್ಯಗಳಲ್ಲಿ ಕ್ರಿಯಾಪದವಿಲ್ಲ. ಎರಡು ನಾಮಪದಗಳನ್ನು ಎದುರುಬದುರು ನಿಲ್ಲಿಸಿದರೆ ಕನ್ನಡದಲ್ಲಿ ವಾಕ್ಯವಾಗುತ್ತದೆ; ‘ಆಗಿದೆ’ ಎಂಬುದನ್ನು ಹೇಳಬೇಕಾಗಿಲ್ಲ. ಭಾಷೆಯ ಈ ಅನುಕೂಲ ಘೋಷವಾಕ್ಯಕ್ಕೆ ವರವಾಗಿ ಒದಗಿದೆ. ಕ್ರಿಯಾಪದವಿಲ್ಲದ ಕಡೆ ಕಾಲವಿಲ್ಲ. ಆದುದರಿಂದ ಇದು ಇರುವ ಸ್ಥಿತಿಯೋ, ಇರಬೇಕಾದ ಸ್ಥಿತಿಯೋ, ಎಂದೋ ಇದ್ದ ಸ್ಥಿತಿಯೋ ಎಂದು ಕೇಳಲು ಬರುವುದಿಲ್ಲ. ವರ್ಣನೆ ಮತ್ತು ಆಜ್ಞೆ ಒಂದೇ ರೂಪದಲ್ಲಿ ಬೆರೆತುಹೋಗುತ್ತವೆ.

ಇದರ ಜೊತೆಗೆ ವೈಯಾಕರಣರು ಅವಧಾರಣಾರ್ಥಕವೆಂದು ಕರೆಯುವ ‘ಏ’ ಎಂಬ ಅವ್ಯಯವಿದೆ. ‘ರಾಮನೇ ಬಂದ’ ಎಂದಾಗ ಬೇರೆಯವರನ್ನು ಕಳಿಸದೆ ಸ್ವತಃ ರಾಮ ಬಂದನೆಂದೂ ಆಗುತ್ತದೆ, ರಾಮನ ಹೊರತು ಇನ್ನಾರೂ ಬರಲಿಲ್ಲವೆಂದೂ ಆಗುತ್ತದೆ. ಮಾತುಕತೆಯಲ್ಲಿ ಧ್ವನಿಯ ಏರಿಳಿತ ಯಾವ ಅರ್ಥವೆಂದು ತಿಳಿಸುತ್ತದೆ. ಬರೆದ ಫಲಕದಲ್ಲಿ ಧ್ವನಿಯಿಲ್ಲ. ‘ಕಾಯಕವೇ ಕೈಲಾಸ’ ಎಂಬಲ್ಲಿ ಕಾಯಕವು ಸ್ವತಃ ಕೈಲಾಸವೆಂದು ತಿಳಿಯಬೇಕೆ, ಕಾಯಕವೊಂದನ್ನು ಬಿಟ್ಟು ಬೇರೆ ಕೈಲಾಸವಿಲ್ಲವೆಂದು ತಿಳಿಯಬೇಕೆ? ಮೊದಲನೆಯದು ದುಡಿಯುವವನಿಗೆ ಗೌರವ ಕೊಡುವ ಮಾತು. ಎರಡನೆಯದು ದುಡಿಮೆಯನ್ನು ಬಿಟ್ಟು ಇನ್ನೇನನ್ನೂ ಬಯಸಬೇಡವೆಂದು ಅವನಿಗೆ ಹೇಳುವ ಮಾತಾಗಬಹುದು. ಒಂದು ಅಕ್ಷರದ ಅವ್ಯಯದಲ್ಲಿ ಇಷ್ಟು ಅಂತರ ಅಡಗಿದೆ.

‘ದುಡ್ಡೇ ದೊಡ್ಡಪ್ಪ’ ಎಂಬುದರಲ್ಲೂ ಇದೇ ‘ಏ’ ಇದೆ. ಪೂರ್ತಿ ಹೇಳುವವರು ‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ’ ಎನ್ನುತ್ತಾರೆ. ಮೊದಲರ್ಧವನ್ನು ಕೇಳಿ ತಲೆಯಾಡಿಸಿದವನ ಕಾಲೆಳೆಯುವುದೇ ಎರಡನೆಯ ಅರ್ಧದ ಕೆಲಸ. ಆದರೆ ಸಂತೆಯಲ್ಲೂ ಚುನಾವಣೆಯ ಮಾತುಕತೆಯಲ್ಲೂ ಕೇಳಿಬರುವುದು ಮೊದಲರ್ಧ ಮಾತ್ರ. ವ್ಯಂಗ್ಯದ ಪೂರ್ವಪಕ್ಷವೇ ಸಿದ್ಧಾಂತವಾಗಿ ಚಲಾವಣೆಗೆ ಬಂದಿದೆ.

ಎಲ್ಲ ಘೋಷವಾಕ್ಯಗಳೂ ಹೀಗೆ ಕ್ರಿಯಾಪದವನ್ನು ಮರೆಮಾಚುತ್ತವೆ ಎಂದಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ರಾ. ಹ. ದೇಶಪಾಂಡೆಯವರು ಕೊಟ್ಟ ‘ಸಿರಿಗನ್ನಡಂ ಗೆಲ್ಗೆ’ ಎಂಬ ಮಾತಿನಲ್ಲಿ ಕ್ರಿಯಾಪದ ಎದ್ದು ನಿಂತಿದೆ, ಅದೂ ಹಾರೈಕೆಯ ರೂಪದಲ್ಲಿ. ಗೆದ್ದಿದೆ ಎಂದು ಅದು ಹೇಳುವುದಿಲ್ಲ, ಗೆಲ್ಲಲಿ ಎನ್ನುತ್ತದೆ. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಒತ್ತಡದ ನಡುವೆ ಕನ್ನಡ ಶಾಲೆಗಳಿಗಾಗಿ ಹೆಣಗುತ್ತಿದ್ದವರಿಗೆ ಆ ಗೆಲುವು ಇನ್ನೂ ಆಗಬೇಕಾದ ಸಂಗತಿಯಾಗಿತ್ತು. ಹಳಗನ್ನಡದ ಆ ಪ್ರತ್ಯಯ ಇಂದಿನ ಕಿವಿಗೆ ಅಪರಿಚಿತವಾದುದರಿಂದ ಅದೀಗ ಜಯಕಾರದಂತೆ ಕೇಳಿಸುತ್ತದೆ, ಅಷ್ಟೆ.

3

‘ಕಾಯಕವೇ ಕೈಲಾಸ’ ಎಂಬುದು ಬಸವಣ್ಣನ ಮಾತೆಂದು ಸಾರ್ವಜನಿಕ ಭಾಷಣಗಳಲ್ಲಿ, ಪಠ್ಯೇತರ ಪುಸ್ತಕಗಳಲ್ಲಿ, ಫಲಕಗಳಲ್ಲಿ ಹೇಳಲಾಗುತ್ತದೆ. ದೊರೆತಿರುವ ಬಸವಣ್ಣನ ವಚನಗಳಲ್ಲಿ ಈ ಮಾತು ಈ ರೂಪದಲ್ಲಿ ಕಾಣಸಿಗದು. ಅದು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ವಚನಸಾಹಿತ್ಯದ ಅಭ್ಯಾಸಿಗಳಿಗೆ ಇದು ಹೊಸ ವಿಷಯವೇನೂ ಅಲ್ಲ. ಆದರೆ ಕರ್ತೃತ್ವದ ಈ ವರ್ಗಾವಣೆಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಬಸವಣ್ಣ ಬಿಜ್ಜಳನ ಭಂಡಾರಿ, ಮಹಾಮನೆಯ ಒಡೆಯ. ಮಾರಯ್ಯ ಆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತಂದು ಬದುಕಿದವನು. ಭಂಡಾರಿಯ ಬಾಯಿಂದ ‘ದುಡಿಮೆಯೇ ಸ್ವರ್ಗ’ ಎಂಬ ಮಾತು ಬಂದರೆ ಅದಕ್ಕೊಂದು ಅರ್ಥ. ಕಾಳು ಆಯುವವನ ಬಾಯಿಂದ ಬಂದರೆ ಇನ್ನೊಂದು. ಮಾತು ಮಾರಯ್ಯನಿಂದ ಬಸವಣ್ಣನಿಗೆ ದಾಟಿದಾಗ ಅದು ಮೇಲಿನಿಂದ ಕೆಳಗೆ ಹರಿಯುವ ಉಪದೇಶವಾಗಲು ಅರ್ಧ ದಾರಿ ಸವೆದಂತಾಯಿತು. ಬಸವಣ್ಣನ ನಿಲುವು ಹಾಗಿತ್ತೆಂದು ಇದರ ಅರ್ಥವಲ್ಲ. ಅವನ ಹೆಸರಿಗಿರುವ ಅಧಿಕಾರವನ್ನು ಮುಂದಿನವರು ಬಳಸಿದ ಬಗೆಯನ್ನು ಕುರಿತ ಮಾತು ಇದು.

ಆ ವಚನದ ಆಶಯವನ್ನು ಇಂದಿನ ಕನ್ನಡದಲ್ಲಿ ಹೀಗೆ ಸಂಗ್ರಹಿಸಬಹುದು. ಕಾಯಕದಲ್ಲಿ ತೊಡಗಿರುವವನು ಎದುರಿಗೆ ಗುರು ಕಾಣಿಸಿಕೊಂಡರೂ ಅದನ್ನು ಮರೆಯಬೇಕು; ಲಿಂಗದ ಪೂಜೆಯ ಹೊತ್ತಾದರೂ ಅದನ್ನು ಮರೆಯಬೇಕು; ಜಂಗಮ ಬಂದು ಮುಂದೆಯೇ ನಿಂತಿದ್ದರೂ ಅವನ ಹಂಗನ್ನು ಹರಿದುಕೊಳ್ಳಬೇಕು. ಇದಕ್ಕೆಲ್ಲ ಕಾರಣವೇನೆಂದರೆ ಕಾಯಕವು ಕೈಲಾಸವಾಗಿರುವುದು. ಕೊನೆಗೆ ತನ್ನ ಇಷ್ಟದೈವವಾದ ಅಮರೇಶ್ವರಲಿಂಗವೇ ಆದರೂ ಕಾಯಕದ ಒಳಗಿನದು ಎಂದು ವಚನ ಮುಗಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮೊದಲ ಅಂಶ ವಾಕ್ಯರಚನೆಯದು. ಘೋಷವಾಕ್ಯದಲ್ಲಿ ಸ್ವತಂತ್ರ ವಾಕ್ಯವಾಗಿ ನಿಂತಿರುವುದು ವಚನದಲ್ಲಿ ಕಾರಣವಾಕ್ಯ ಮಾತ್ರ. ‘ಕೈಲಾಸ’ ಎಂಬ ಪದದ ಬೆನ್ನಿಗೆ ‘ಆದ ಕಾರಣ’ ಎಂಬುದು ಅಂಟಿಕೊಂಡಿದೆ. ಅಂದರೆ ವಚನಕಾರ ಸಾಧಿಸಲು ಹೊರಟಿರುವುದು ಕಾಯಕದ ಹಿರಿಮೆಯನ್ನಲ್ಲ. ಅದು ಅವನಿಗೆ ಆಗಲೇ ಸಿದ್ಧವಾಗಿರುವ ಆಧಾರ. ಆ ಆಧಾರದ ಮೇಲೆ ಅವನು ಮುಟ್ಟುವ ನಿರ್ಣಯ ಗುರು–ಲಿಂಗ–ಜಂಗಮರನ್ನು ಕುರಿತದ್ದು. ಘೋಷವಾಕ್ಯ ಆಧಾರವನ್ನು ಉಳಿಸಿಕೊಂಡು ನಿರ್ಣಯವನ್ನು ಕೈಬಿಟ್ಟಿದೆ. ಹೇತುವನ್ನು ಹೇಳಿ ಸಾಧ್ಯವನ್ನು ನುಂಗಿಬಿಡುವುದು ಯಾವ ವಾದದಲ್ಲೂ ಒಪ್ಪಿತವಲ್ಲ.

ಕೈಬಿಟ್ಟ ನಿರ್ಣಯವಾದರೂ ಸಾಮಾನ್ಯವಾದುದಲ್ಲ. ಗುರು, ಲಿಂಗ, ಜಂಗಮ ಎಂಬ ಮೂರು ಶರಣಧರ್ಮದ ಅತ್ಯುನ್ನತ ಮೌಲ್ಯಗಳು. ಹೊರಗಿನವರ ದೇವರನ್ನಲ್ಲ, ತನ್ನದೇ ಧರ್ಮದ ಅತ್ಯುನ್ನತ ಅಧಿಕಾರಗಳನ್ನು ಹೆಸರಿಸಿ, ದುಡಿಯುವ ಹೊತ್ತಿನಲ್ಲಿ ಅವುಗಳಿಗೆ ತನ್ನ ಮೇಲೆ ಹಕ್ಕಿಲ್ಲವೆಂದು ಮಾರಯ್ಯ ಸಾರುತ್ತಾನೆ. ‘ಹಂಗು’ ಎಂಬ ಪದದ ಆಯ್ಕೆಯೇ ಇದನ್ನು ಸ್ಪಷ್ಟಪಡಿಸುತ್ತದೆ. ಹಂಗು ಎಂದರೆ ಋಣದಿಂದ ಹುಟ್ಟುವ ಅಧೀನತೆ. ತಲೆ ತಗ್ಗಿಸಬೇಕಾದ ಸ್ಥಿತಿ. ದುಡಿಯುವವನು ಹರಿದುಕೊಳ್ಳಬೇಕಾದದ್ದು ಅದನ್ನು. ಹೀಗೆ ನೋಡಿದಾಗ ಮೂಲ ವಚನ ದುಡಿಯುವವನ ಬಿಡುಗಡೆಯ ಮಾತು. ಅಧಿಕಾರಸ್ಥಾನದಲ್ಲಿರುವವರು ಎದುರು ಬಂದಾಗ ಎದ್ದು ನಿಲ್ಲಬೇಕಾಗಿಲ್ಲ ಎಂಬ ಮಾತು. ಅದೇ ಮಾತನ್ನು ಮೇಲಧಿಕಾರಿಯ ತಲೆಯ ಹಿಂದೆ ಚೌಕಟ್ಟು ಹಾಕಿಸಿ ತೂಗುಹಾಕಿದಾಗ ಅರ್ಥ ತಲೆಕೆಳಗಾಗುತ್ತದೆ.

ಮಾರಯ್ಯನ ಈ ನಿಲುವು ಒಂಟಿಯಾದುದಲ್ಲ. ನುಲಿಯ ಚಂದಯ್ಯ ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿತ್ತೆಂದೂ ಅವನು ಅದಕ್ಕಾಗಿ ಕಾಯಕ ನಿಲ್ಲಿಸಲಿಲ್ಲವೆಂದೂ ಹೇಳುವ ಕಥೆ ಪ್ರಸಿದ್ಧವಾಗಿದೆ. ಚರಿತ್ರೆಯಾಗಿ ಇವುಗಳ ಬೆಲೆ ಏನೇ ಇರಲಿ, ಕಾಯಕವನ್ನು ಪೂಜೆಗೆ ಹೋಲಿಸದೆ ಪೂಜೆಗಿಂತ ಮುಂದಿಡುವ ಒಂದು ವಿಚಾರಧಾರೆ ಶರಣರ ನಡುವೆ ಇತ್ತೆಂಬುದಕ್ಕೆ ಇವು ಸಾಕ್ಷಿ.

ಈ ಕಾರಣದಿಂದಲೇ ‘ವರ್ಕ್ ಈಸ್ ವರ್ಷಿಪ್’ ಎಂಬ ಇಂಗ್ಲಿಷ್ ಮಾತನ್ನು ಇದರ ಅನುವಾದವೆಂದು ಒಪ್ಪುವುದು ಕಷ್ಟ. ಕೈಲಾಸ ಪೂಜೆಯಲ್ಲ, ಪೂಜೆಯ ಮೂಲಕ ತಲುಪಬೇಕೆಂದು ಭಕ್ತ ಬಯಸುವ ನೆಲೆ. ಕೆಲಸವನ್ನು ಪೂಜೆಯಂತೆ ಮಾಡು ಎಂಬ ಉಪದೇಶದಲ್ಲಿ ಪೂಜೆ ಮಾದರಿಯಾಗಿ ಉಳಿಯುತ್ತದೆ, ಕೆಲಸ ಅದನ್ನು ಅನುಕರಿಸುತ್ತದೆ. ಮಾರಯ್ಯನಲ್ಲಿ ಪೂಜೆಯೇ ಮರೆಯಬೇಕಾದ ಪಟ್ಟಿಯಲ್ಲಿದೆ. ಅನುವಾದ ಮೂಲದ ನಿಷೇಧವನ್ನೇ ಅದರ ವಿಧಿಯನ್ನಾಗಿ ಮಾಡಿದೆ. ಎ. ಕೆ. ರಾಮಾನುಜನ್ ಅವರು 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ವೀರಶೈವವನ್ನು ಯೂರೋಪಿನ ಪ್ರಾಟೆಸ್ಟಂಟ್ ಚಳವಳಿಗಳೊಡನೆ ಹೋಲಿಸಿ ನೋಡಿದರು. ಅವರ ಹೋಲಿಕೆಯಲ್ಲಿ ಎಚ್ಚರವಿತ್ತು. ಭಾಷಣಗಳಲ್ಲಿ ಆ ಎಚ್ಚರ ಉಳಿಯದೆ, ಕಾಯಕವೆಂದರೆ ಶಿಸ್ತಿನ ದುಡಿಮೆ, ಶಿಸ್ತಿನ ದುಡಿಮೆಯೆಂದರೆ ಸಂಪತ್ತು ಎಂಬ ಸಮೀಕರಣ ಮಾತ್ರ ಉಳಿಯಿತು.

ಸಂಪತ್ತಿನ ಪ್ರಶ್ನೆಗೆ ಬಂದಾಗ ಮಾರಯ್ಯನ ಹೆಂಡತಿ ಲಕ್ಕಮ್ಮನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಯ ಬಗೆಗೆ ಪರಂಪರೆ ಹೇಳುವ ಕಥೆ ಸರಳವಾಗಿದೆ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಲಕ್ಕಮ್ಮ ಅದನ್ನು ಬೇಯಿಸುವುದಿಲ್ಲ. ಆಸೆಯೆಂಬುದು ಅರಸರಿಗೆ ಸಲ್ಲುವ ವಸ್ತು, ಶಿವಭಕ್ತರಿಗೆ ಸಲ್ಲದು ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸುತ್ತಾಳೆ. ಕಾಯಕಕ್ಕೆ ಮಿತಿಯಿದೆ, ಆ ಮಿತಿಯನ್ನು ಗುರುತಿಸುವವರು ಯಜಮಾನರಲ್ಲ, ದುಡಿಯುವವರೇ. ಗಂಡ ಕಾಯಕದ ಸ್ವಾತಂತ್ರ್ಯವನ್ನು ಹೇಳಿದರೆ ಹೆಂಡತಿ ಕಾಯಕದ ಅಳತೆಯನ್ನು ಹೇಳುತ್ತಾಳೆ. ಈ ಎರಡನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಕಾಯಕ ಒಂದು ಪೂರ್ಣ ವಿಚಾರವಾಗುತ್ತದೆ. ಘೋಷವಾಕ್ಯ ಗಂಡನ ಮಾತಿನ ಅರ್ಧವನ್ನು ಉಳಿಸಿಕೊಂಡಿತು. ಹೆಂಡತಿಯ ಮಾತನ್ನು ಪೂರ್ತಿಯಾಗಿ ಬಿಟ್ಟಿತು.

ವಚನಗಳು ಆಧುನಿಕ ಓದುಗರ ಕೈಗೆ ಬಂದ ಕಾಲವನ್ನು ಗಮನಿಸಿದರೆ ಈ ಆಯ್ಕೆ ಅರ್ಥವಾಗುತ್ತದೆ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರ ಮುಂದಾಳತ್ವದಲ್ಲಿ ಬಸವ ಜಯಂತಿ ಸಾರ್ವಜನಿಕ ಉತ್ಸವವಾಯಿತು, 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಗಾಂಧೀಜಿಯವರ ಶರೀರಶ್ರಮದ ವಿಚಾರವನ್ನು ಕೇಳುತ್ತಿದ್ದ ತಲೆಮಾರಿಗೆ ಕಾಯಕ ತನ್ನ ನೆಲದಲ್ಲೇ ಸಿಕ್ಕ ಉತ್ತರದಂತೆ ಕಂಡಿತು. ಅದು ಸಹಜವೂ ಆರೋಗ್ಯಕರವೂ ಆದ ಓದು. ಮೈಮುರಿದು ದುಡಿಯುವುದನ್ನು ಕೀಳೆಂದು ತಿಳಿದಿದ್ದ ಸಮಾಜದಲ್ಲಿ ಆ ಮಾತು ಮಾಡಿದ ಕೆಲಸ ಸಣ್ಣದಲ್ಲ. ತೊಡಕು ಬಂದದ್ದು ಆ ಮಾತು ಚಳವಳಿಯಿಂದ ಪ್ರಭುತ್ವದ ಕೈಗೆ ದಾಟಿದಾಗ.

ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದವರು ಅದರ ನಿರ್ಮಾತೃ ಕೆಂಗಲ್ ಹನುಮಂತಯ್ಯನವರು. ಕಟ್ಟಡ ಪೂರ್ಣಗೊಂಡದ್ದು 1956ರಲ್ಲಿ. ಅದನ್ನು ಕಾಯಕದ ಮಾತಿನ ಆಡಳಿತ ರೂಪವೆಂದು ಅನೇಕರು ಓದಿಕೊಂಡಿದ್ದಾರೆ. ಹನುಮಂತಯ್ಯನವರ ಉದ್ದೇಶ ಸರ್ಕಾರಿ ನೌಕರರನ್ನು ಎಚ್ಚರಿಸುವುದಾಗಿತ್ತೆಂದು ಭಾವಿಸಲು ಅಡ್ಡಿಯಿಲ್ಲ. ಆದರೆ ಈ ಮಾತು ಎದುರಾಗುವುದು ಮೆಟ್ಟಿಲ ಕೆಳಗೆ ಅರ್ಜಿ ಹಿಡಿದು ನಿಂತ ಪ್ರಜೆಗೆ. ಅವನ ಕಡೆಯಿಂದ ಓದಿದರೆ ಸರ್ಕಾರ ದೇವರ ಸ್ಥಾನದಲ್ಲಿದೆ. ದೇವರನ್ನು ಪ್ರಾರ್ಥಿಸಬಹುದು, ಲೆಕ್ಕ ಕೇಳುವಂತಿಲ್ಲ. ಬಳಕೆಯ ಕನ್ನಡದಲ್ಲಿ ‘ದೇವರ ಕೆಲಸ’ವೆಂದರೆ ಇಂಥ ದಿನವೇ ಮುಗಿಯಬೇಕೆಂಬ ಗಡುವಿಲ್ಲದ ಕೆಲಸವೂ ಹೌದು ಎಂಬುದನ್ನು ಬರೆಸಿದವರು ಮರೆತಿರಬೇಕು. ಗುರು ಎದುರು ಬಂದರೂ ತಲೆಯೆತ್ತದೆ ಕಾಳು ಆಯುತ್ತಿದ್ದವನಿಂದ ಈ ಮಾತಿಗಿರುವ ದೂರ ಎಂಟು ಶತಮಾನಗಳದು ಮಾತ್ರವಲ್ಲ.

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಶರಣರ ವಿಚಾರಗಳಿಗೆ ಸಂದ ಈ ಮನ್ನಣೆಯನ್ನು ಸ್ವಾಗತಿಸುವಾಗಲೇ ಆ ವಿಚಾರಗಳು ಯಾವ ಗಾತ್ರದಲ್ಲಿ ಕಚೇರಿಯೊಳಗೆ ಪ್ರವೇಶಿಸುತ್ತವೆ ಎಂಬುದನ್ನು ಅಭ್ಯಾಸಿಗಳು ನೋಡಬೇಕಾಗಿದೆ.

ಈ ಅರ್ಥಪಲ್ಲಟದ ಭಾರವನ್ನು ಹೆಚ್ಚು ಹೊತ್ತವರು ಯಾವ ಗೌರವವೂ ಇಲ್ಲದ ಕೆಲಸಗಳಲ್ಲಿ ತೊಡಗಿದವರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂಬ ಮಾತನ್ನು ಚರಂಡಿಗೆ ಇಳಿಯುವವನಿಗೆ ಹೇಳುವುದು ಸುಲಭ, ಹೇಳುವವನು ಇಳಿಯಬೇಕಾಗಿಲ್ಲ. ಕಾಯಕವೆಂಬುದು ಹುಟ್ಟಿನಿಂದ ಬಂದ ಕಸುಬನ್ನು ಒಪ್ಪಿಕೊಳ್ಳುವುದೇ, ಆ ಕಸುಬಿಗಂಟಿದ ಕೀಳರಿಮೆಯನ್ನು ಕಳೆಯುವುದೇ ಎಂಬ ಚರ್ಚೆ ವಚನವಿಮರ್ಶೆಯಲ್ಲಿ ಬಹುಕಾಲದಿಂದ ನಡೆದಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಎಂದು ಹೆಸರಿನ ಮುಂದೆಯೇ ಕಸುಬೋ ಕುಲವೋ ನಿಂತಿರುವುದರಿಂದ ಈ ಪ್ರಶ್ನೆ ಏಳುವುದು ಸಹಜ. ಆದರೆ ಕಾಯಕವನ್ನು ಕೈಲಾಸವೆಂದ ಮಾರಯ್ಯನ ಕಾಯಕ ಯಾವ ಜಾತಿಯ ಕುಲಕಸುಬೂ ಅಲ್ಲ. ಚೆಲ್ಲಿದ ಅಕ್ಕಿ ಆಯುವುದನ್ನು ಯಾರೂ ತಂದೆಯಿಂದ ಮಗನಿಗೆ ಬಳುವಳಿಯಾಗಿ ಕೊಡುವುದಿಲ್ಲ. ಕುಲಕಸುಬನ್ನು ಸಮರ್ಥಿಸಲು ಈ ಮಾತನ್ನು ಬಳಸುವವರಿಗೆ ಅದರ ಕರ್ತೃವಿನ ಬದುಕೇ ಅಡ್ಡಬರುತ್ತದೆ.

ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆ ಕೆಲಸವನ್ನು ಕಾಯಕವೆಂದು ಹೊಗಳಲಿಲ್ಲ, ನಿಲ್ಲಿಸಿದರು. ಇಡೀ ದೇಶಕ್ಕೆ ಅನ್ವಯಿಸುವಂಥ ಕಾನೂನುಗಳು ಬಂದದ್ದು ಬಹಳ ತಡವಾಗಿ, 1993ರಲ್ಲಿ ಮತ್ತು 2013ರಲ್ಲಿ. ಎಲ್ಲ ಕೆಲಸವೂ ಕೈಲಾಸವಲ್ಲ, ಕೆಲವು ಕೆಲಸಗಳು ಇರಲೇಬಾರದು ಎಂಬ ಈ ತಿಳಿವಳಿಕೆ ಮಾರಯ್ಯನ ವಚನಕ್ಕೆ ವಿರುದ್ಧವಾದುದಲ್ಲ. ಹಂಗು ಹರಿಯಬೇಕೆಂಬ ಅವನ ಮಾತಿನ ಮುಂದುವರಿಕೆ. ವಿರುದ್ಧವಾಗಿರುವುದು ಘೋಷವಾಕ್ಯಕ್ಕೆ.

4

ಘೋಷವಾಕ್ಯವೆಂದರೆ ಯಾವಾಗಲೂ ಮೇಲಿನವರ ಅಸ್ತ್ರವೆಂಬ ತೀರ್ಮಾನಕ್ಕೆ ಬರುವ ಮೊದಲು ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ನೋಡಬೇಕು. ಇಲ್ಲೂ ಕ್ರಿಯಾಪದವಿಲ್ಲ, ಅದೇ ‘ಏ’ ಇದೆ. ಆದರೆ ಈ ಮಾತಿನ ಹಿಂದೆ 1951ರ ಕಾಗೋಡು ಸತ್ಯಾಗ್ರಹವಿದೆ; ಸಾಗರದ ಗೇಣಿದಾರರ ಪರವಾಗಿ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದ ಘಟನೆಯಿದೆ. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಸಾಗುವಳಿ ಮಾಡುತ್ತಿದ್ದ ಗೇಣಿದಾರರು ಹಕ್ಕಿಗಾಗಿ ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಗಿತ್ತು. ಕರಾವಳಿಯಲ್ಲಿ ಇದನ್ನು ಜನ ‘ಡಿಕ್ಲರೇಶನ್ ಕೊಡುವುದು’ ಎಂದರು. ಕಾಯ್ದೆಯ ಕಲಮುಗಳನ್ನು ಓದಲಾರದವರಿಗೆ, ಓದಿದರೂ ಧಣಿಯ ಎದುರು ಅರ್ಜಿ ಹಾಕಲು ಧೈರ್ಯ ಸಾಲದವರಿಗೆ ಆ ಎರಡು ಪದಗಳು ಕಾಯ್ದೆಯ ಸಾರವಾಗಿಯೂ ಬೆನ್ನ ಹಿಂದಿನ ಕೈಯಾಗಿಯೂ ಒದಗಿದವು. ಇಲ್ಲಿ ಘೋಷವಾಕ್ಯದ ಸರಳತೆಯೇ ಅದರ ಸಾಮರ್ಥ್ಯ.

ಆದರೂ ಈ ಮಾತಿಗೂ ಒಂದು ಉಳಿದರ್ಧವಿದೆ. ಕಾಯ್ದೆಯ ಪ್ರಕಾರ ಒಡೆತನ ಸಿಕ್ಕುವುದು ಉಳುವವನಿಗಲ್ಲ, ಗೇಣಿದಾರನಿಗೆ. ಅದೂ ಗೇಣಿಯನ್ನು ರುಜುವಾತುಪಡಿಸಬಲ್ಲವನಿಗೆ. ದಿನಗೂಲಿಗಾಗಿ ಅದೇ ಹೊಲದಲ್ಲಿ ನೇಗಿಲು ಹಿಡಿದ ಭೂಹೀನ ಕೂಲಿಕಾರ, ಅವರಲ್ಲಿ ಬಹುಮಂದಿ ದಲಿತರು, ಪದಶಃ ಉಳುವವನಾಗಿದ್ದರೂ ಕಾಯ್ದೆಯ ಕಣ್ಣಿಗೆ ಉಳುವವನಾಗಲಿಲ್ಲ. ಇನ್ನು ಆ ಪುಲ್ಲಿಂಗ. ನಾಟಿ, ಕಳೆ, ಕೊಯ್ಲುಗಳಲ್ಲಿ ಹೆಣ್ಣಿನ ದುಡಿಮೆಯೇ ಹೆಚ್ಚಾಗಿರುವ ಬೇಸಾಯದಲ್ಲಿ ನೇಗಿಲೊಂದನ್ನು ಗಂಡಸಿಗೆ ಮೀಸಲಾಗಿಟ್ಟು, ಬಳಿಕ ನೇಗಿಲಿನ ಆಧಾರದ ಮೇಲೆಯೇ ಒಡೆತನವನ್ನು ಹೇಳಿದರೆ ಒಡೆಯ ಗಂಡಸೇ ಆಗಿರುತ್ತಾನೆ. ಈ ಮಾತನ್ನು ಕಟ್ಟಿದವರ ಮನಸ್ಸಿನಲ್ಲಿ ಇಂಥ ಲೆಕ್ಕಾಚಾರ ಇದ್ದಿರಲಾರದು. ಭಾಷೆಯ ಅಭ್ಯಾಸವೇ ಅವರ ಪರವಾಗಿ ಲೆಕ್ಕ ಮುಗಿಸಿತ್ತು.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ನಿರ್ಬಂಧಗಳು ತೆಗೆಯಲ್ಪಟ್ಟವು. ಆಗ ವಿರೋಧದ ಸಭೆಗಳಲ್ಲಿ, ಬರಹಗಳಲ್ಲಿ ‘ಉಳ್ಳವನೇ ಹೊಲದೊಡೆಯ’ ಎಂಬ ಮಾತು ಕೇಳಿಬಂದಿತು. ಹಳೆಯ ಮಾತಿನ ಮೊದಲ ಪದದಲ್ಲಿ ಒಂದಿಷ್ಟು ಸ್ವರ ಬದಲಿಸಿ ಅರ್ಥವನ್ನು ತಿರುಗಿಸಿದ ಈ ಅಣಕ, ಘೋಷವಾಕ್ಯಕ್ಕೆ ಘೋಷವಾಕ್ಯದಿಂದಲೇ ಕೊಟ್ಟ ಉತ್ತರ. ಗಾದೆಗೆ ಗಾದೆ ಎದುರಾಗುತ್ತಿದ್ದ ಹಳೆಯ ಕ್ರಮ ಇದರಲ್ಲಿ ಮರಳಿ ಬಂದಿದೆ. ಯಾವುದೇ ದೀರ್ಘ ಲೇಖನಕ್ಕಿಂತ ಇದು ಬೇಗ ತಲುಪಿತು. ಆದರೆ ಇದೂ ಅದೇ ಪುಲ್ಲಿಂಗದಲ್ಲಿ, ಅದೇ ಒಡೆತನದ ಭಾಷೆಯಲ್ಲಿ ಮಾತನಾಡುತ್ತದೆ. 1974ರ ಮಾತು ಹೊರಗೆ ಬಿಟ್ಟವರನ್ನು 2020ರ ಅಣಕ ಒಳಗೆ ಕರೆದುಕೊಂಡಿಲ್ಲ.

5

ಸಾಹಿತ್ಯವಿಮರ್ಶೆ ಈ ಬಗೆಯ ಮಾತುಗಳನ್ನು ಹೊರಗಿನಿಂದ ನಿಂತು ಪರೀಕ್ಷಿಸುತ್ತದೆ ಎಂದು ಹೇಳುವಂತಿಲ್ಲ. ಅದು ಕೂಡ ಅವುಗಳಲ್ಲಿಯೇ ಯೋಚಿಸಿದೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮೇಲೆ ಹೇಳಿದ ಬಸವಲಿಂಗಪ್ಪನವರೇ ಆಡಿದ ಮಾತುಗಳಿಂದ ‘ಬೂಸಾ’ ಎಂಬ ಒಂದೇ ಪದವನ್ನು ಹೆಕ್ಕಿ ತೆಗೆದು, ಕನ್ನಡ ಸಾಹಿತ್ಯವನ್ನೆಲ್ಲ ಅವರು ದನದ ಮೇವೆಂದು ಕರೆದರೆಂಬ ಕೂಗು ಎಬ್ಬಿಸಲಾಯಿತು. ಗಲಭೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಸಾಹಿತ್ಯ ಯಾರ ಬದುಕನ್ನು ಒಳಗೊಂಡಿದೆ, ಯಾರದನ್ನು ಬಿಟ್ಟಿದೆ ಎಂಬ ಪ್ರಶ್ನೆ ಪದದ ಗದ್ದಲದಲ್ಲಿ ಮುಳುಗಿತು. ಪರವಾದವರೂ ವಿರೋಧವಾದವರೂ ವಾದಿಸಿದ್ದು ಒಂದೇ ಪದವನ್ನು ಕುರಿತು.

ಆ ಪ್ರಶ್ನೆ ಮತ್ತೆ ಮೇಲೆದ್ದುದು ದಲಿತ–ಬಂಡಾಯ ಚಳವಳಿಯಲ್ಲಿ. 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯ ಘೋಷವಾಕ್ಯ ‘ಖಡ್ಗವಾಗಲಿ ಕಾವ್ಯ’ ಎಂದು ಎಲ್ಲರ ನೆನಪಿನಲ್ಲಿದೆ. ದೇಶಪಾಂಡೆಯವರ ಮಾತಿನಂತೆ ಇದೂ ಹಾರೈಕೆಯ ರೂಪದ್ದು. ಆಗಿದೆ ಎನ್ನುವುದಿಲ್ಲ, ಆಗಲಿ ಎನ್ನುತ್ತದೆ. ಆದರೆ ಇದರದೂ ಅರ್ಧ ಮಾತ್ರ ಉಳಿದಿದೆ. ಜನರ ನೋವಿಗೆ ಸ್ಪಂದಿಸುವ ಜೀವದ ಗೆಳೆಯನಾಗಲಿ ಕಾವ್ಯ ಎಂಬ ಆಶಯ ಅದರ ಎರಡನೆಯ ಭಾಗದಲ್ಲಿತ್ತು. ಬಂಡಾಯವನ್ನು ಮೆಚ್ಚಿದವರೂ ಹಳಿದವರೂ ಖಡ್ಗವನ್ನೇ ಹಿಡಿದು ವಾದ ಮಾಡಿದರು. ಕಾವ್ಯ ಅಬ್ಬರವಾಯಿತು, ಘೋಷಣೆಯಾಯಿತು ಎಂಬ ಆಕ್ಷೇಪಣೆ ಘೋಷಣೆಯ ಮೊದಲರ್ಧವನ್ನು ಮಾತ್ರ ಓದಿ ಮಾಡಿದ ಆಕ್ಷೇಪಣೆ. ಆ ಕಾಲದ ಅತ್ಯುತ್ತಮ ಬರವಣಿಗೆಯನ್ನು ಎರಡನೆಯ ಅರ್ಧದ ಬೆಳಕಿನಲ್ಲಿ ಓದಿದ ವಿಮರ್ಶೆ ಕಡಿಮೆ. ದೇವನೂರ ಮಹಾದೇವ ಅವರು ಬಂಡಾಯದ ಘೋಷಣೆಗಳಿಂದ ಒಂದಿಷ್ಟು ದೂರವೇ ನಿಂತು ಬರೆದವರು. ಅವರ ‘ಒಡಲಾಳ’ದಲ್ಲಿ ಖಡ್ಗವಿಲ್ಲ. ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತ ಕೇರಿಯೆಲ್ಲ ಅಲೆಯುವ ಸಾಕವ್ವನಿದ್ದಾಳೆ. ಹಸಿದ ಮನೆಮಂದಿ ಒಲೆಯ ಸುತ್ತ ಕೂತು ರಾತ್ರಿಯೆಲ್ಲ ಕಡಲೆಕಾಯಿ ತಿನ್ನುತ್ತಾರೆ.